ಎಲ್ಲರಿಗೂ ಒಂದೇ ಸಂಖ್ಯೆ: 140

ಇವತ್ತು ಒಂದು ಸಂಖ್ಯೆಯ ಕಥೆ.

2007. ಆಸ್ಟ್ರೇಲಿಯಾದ ಬ್ರಿಸ್ಬೇನ್ ಸುತ್ತಮುತ್ತ ವರ್ಷಗಟ್ಟಲೆಯಿಂದ ಬರ. ವಿವೆನ್‌ಹೋ, ಸಾಮರ್‌ಸೆಟ್, ನಾರ್ತ್ ಪೈನ್, ಈ ಮೂರು ಅಣೆಕಟ್ಟೆಗಳಲ್ಲಿ ಒಟ್ಟು ಉಳಿದಿದ್ದ ನೀರು ಶೇ 20ಕ್ಕಿಂತ ಕಡಿಮೆ. ಅದನ್ನೇ ನೆಚ್ಚಿಕೊಂಡ ಸ್ಥಳೀಯ ಕೌನ್ಸಿಲ್‌ಗಳು ಹಲವು. ಒಂದು ಕೌನ್ಸಿಲ್ ಬಿಗಿ ಹಿಡಿದು ಪಕ್ಕದ್ದು ಸಡಿಲ ಬಿಟ್ಟರೆ ಏನಾಗತ್ತೆ? ಇಲ್ಲಿ ಉಳಿಸಿದ ನೀರು ಅಲ್ಲಿನ ಹುಲ್ಲುಹಾಸಿಗೆ ಹೋಗತ್ತೆ. ಆಮೇಲೆ ಉಳಿಸೋರಿಗೂ ಬೇಸರ ಬರತ್ತೆ.

ಅದಕ್ಕೇ ಕ್ವೀನ್ಸ್‌ಲ್ಯಾಂಡ್ ಜಲ ಆಯೋಗ ಮನೆಬಳಕೆಗೆ ಒಂದೇ ಗುರಿ ಇಟ್ಟಿತು: ಒಬ್ಬರಿಗೆ ದಿನಕ್ಕೆ 140 ಲೀಟರ್. ನಮ್ಮ ಲೆಕ್ಕದಲ್ಲಿ 15 ಲೀಟರಿನ ಒಂಬತ್ತು ಬಕೆಟ್, ಮೇಲೊಂದಿಷ್ಟು.

ಜೊತೆಗೆ ಮನೆಗಳಿಗೆ ನಾಲ್ಕು ನಿಮಿಷದ ಶವರ್ ಟೈಮರ್ ಹಂಚಿದರು. ಶವರೇ ಯಾಕೆ? ನಿಮಿಷಕ್ಕೆ 15 ಲೀಟರ್ ಸುರಿಸುವ ಹಳೇ ಶವರ್ ಕೆಳಗೆ ಎಂಟು ನಿಮಿಷ ನಿಂತರೆ 120 ಲೀಟರ್ ಹೋಯ್ತು. ನಿಮಿಷಕ್ಕೆ 9 ಲೀಟರಿನ ಶವರಿನಲ್ಲಿ ನಾಲ್ಕೇ ನಿಮಿಷಕ್ಕೆ ಮುಗಿಸಿದರೆ 36 ಸಾಕು.

ಆ ವರ್ಷವೇ ಸರಾಸರಿ ಬಳಕೆ 140ಕ್ಕಿಂತ ಕೆಳಗಿಳಿಯಿತು. ಬರೀ "ನೀರು ಉಳಿಸಿ" ಅಂದಿದ್ದರೆ ಎಷ್ಟು ಉಳಿಸಬೇಕು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಿಮ್ಮ ನೀರಿನ ಬಿಲ್ ತೆಗೆದು ನೋಡಿ. ಲೀಟರುಗಳನ್ನು ದಿನಗಳಿಂದ ಭಾಗಿಸಿ, ಆಮೇಲೆ ಮನೆಮಂದಿಯ ಸಂಖ್ಯೆಯಿಂದ ಭಾಗಿಸಿ. ಎಷ್ಟು ಬಂತು ಅಂತ ನಮಗೂ ಬರೆದು ತಿಳಿಸಿ.