ವೈಪಿನ್ ದ್ವೀಪಕ್ಕೆ ಹೋಗುತ್ತೀರಾ? ಯಾವ ಬೀಚಿನಲ್ಲಿ ಕಾಲು ನೆನೆಸಬೇಕು, ಯಾವುದನ್ನು ದೂರದಿಂದ ನೋಡಬೇಕು

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ನಮ್ಮವರಿಗೆ ಎರ್ನಾಕುಲಂ ಹೊಸ ಊರಲ್ಲ. ಒಬ್ಬರಿಗೆ ಹೈಕೋರ್ಟಿನಲ್ಲಿ ಕೇಸು, ಇನ್ನೊಬ್ಬರಿಗೆ ಉಮ್ಮನ ಆಪರೇಷನ್, ಹುಡುಗರಿಗೆ ಇಂಟರ್‌ವ್ಯೂ. ಕೆಲಸ ಮಧ್ಯಾಹ್ನಕ್ಕೆ ಮುಗಿಯುತ್ತದೆ, ಊರಿನ ರೈಲು ಇರುವುದು ರಾತ್ರಿಗೆ. ಮೊದಲೆಲ್ಲ ಫೋರ್ಟ್ ಕೊಚ್ಚಿಗೆ ಹೋಗಿ ಚೀನಾ ಬಲೆ ನೋಡಿ ಬರುತ್ತಿದ್ದರು. ಈಗ ಹುಡುಗರೆಲ್ಲ ಹೇಳುವುದು ವೈಪಿನ್. "ಅಲ್ಲಿ ಜನ ಇಲ್ಲ, ಬೀಚ್ ಖಾಲಿ ಉಂಟು" ಅಂತ ರೀಲ್ ನೋಡಿ ಹೊರಡುತ್ತಾರೆ. ನನಗೆ ಹೆದರಿಕೆ ಆಗುವುದು ಆ "ಖಾಲಿ" ಎಂಬ ಮಾತಿಗೇ.

ಮೊದಲು ದ್ವೀಪದ ಬಗ್ಗೆ ಸ್ವಲ್ಪ. ಕೊಚ್ಚಿ ಬಂದರಿನ ಬಾಯಿಯಿಂದ ಉತ್ತರಕ್ಕೆ ಮುನಂಬಂವರೆಗೆ ಸುಮಾರು 25 ಕಿ.ಮೀ. ಉದ್ದದ ಸಪೂರ ಪಟ್ಟಿ ಇದು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಹಿನ್ನೀರು. 1341ರ ಪೆರಿಯಾರ್ ನೆರೆಯಲ್ಲಿ ಮಣ್ಣು, ಹೊಯ್ಗೆ ಬಂದು ಬಿದ್ದು ಹುಟ್ಟಿದ ನೆಲ ಎಂದು ಅಲ್ಲಿನವರು ಹೇಳುತ್ತಾರೆ. ಹೆಸರಿಗೆ ಶಾಂತ ದ್ವೀಪವಾದರೂ ಜನ ಕಡಿಮೆ ಏನಿಲ್ಲ, ಒಳಗೆಲ್ಲ ಒತ್ತೊತ್ತಾಗಿ ಮನೆಗಳು. 2004ರಲ್ಲಿ ಗೋಶ್ರೀ ಸೇತುವೆಗಳು ಬರುವ ತನಕ ದೋಣಿಯೇ ಗತಿ. ಈಗ ಹೈಕೋರ್ಟ್ ಜೆಟ್ಟಿಯಿಂದ 2023ರಲ್ಲಿ ಶುರುವಾದ ವಾಟರ್ ಮೆಟ್ರೋ ಹತ್ತಿದರೆ ದ್ವೀಪದ ದಕ್ಷಿಣ ತುದಿಗೆ ತಲುಪುತ್ತೀರಿ. ಅಲ್ಲಿಂದ ಮುಂದೆ ಬಸ್ಸು, ಆಟೋ. ಹೈಕೋರ್ಟ್ ಜಂಕ್ಷನ್‌ನಿಂದ ಸೇತುವೆ ದಾಟುವ ಬಸ್ಸುಗಳೂ ಇವೆ.

ನಗರಕ್ಕೆ ಅತಿ ಹತ್ತಿರದ್ದು ಪುದುವೈಪ್. ಎತ್ತರದ ಲೈಟ್‌ಹೌಸ್ ಉಂಟು. ಮೊದಲು ಫೋರ್ಟ್ ಕೊಚ್ಚಿಯಲ್ಲಿದ್ದ ದೀಪವನ್ನು 1979ರಲ್ಲಿ ಇಲ್ಲಿಗೆ ತಂದದ್ದು. ಪಕ್ಕದಲ್ಲೇ ಎಲ್‌ಎನ್‌ಜಿ ಟರ್ಮಿನಲ್, ಬಂದರಿಗೆ ಹೋಗುವ ಹಡಗುಗಳು. ಫೋಟೋಗೆ ಚಂದ. ಹತ್ತಿರ ಆದದ್ದರಿಂದ ಕಾಲೇಜು ಹುಡುಗರೆಲ್ಲ ಮೊದಲು ಇಳಿಯುವುದು ಇಲ್ಲಿಯೇ. ಈ ಕರೆಯಲ್ಲಿ ಯುವಕರು ನೀರುಪಾಲಾದ ಸುದ್ದಿ ಬಂದದ್ದು ಒಂದೆರಡು ಸಲ ಅಲ್ಲ.

ನಾನೇ ಒಮ್ಮೆ ನಾಲ್ಕು ಹುಡುಗರ ಜೊತೆ ಹೋಗಿದ್ದೆ. ಎರಡು ಕಡೆ ಅಲೆ ಬಿಳಿ ನೊರೆ ಕಾರುತ್ತಿತ್ತು, ನಡುವೆ ಒಂದು ಜಾಗ ಮಾತ್ರ ಕೆರೆಯ ಹಾಗೆ ಸುಮ್ಮನೆ. "ಇಲ್ಲಿ ಇಳಿಯುವ, ಅಲೆ ಇಲ್ಲ" ಎಂದು ಒಬ್ಬ ಪ್ಯಾಂಟ್ ಮಡಚಿದ. ಬಲೆ ಸರಿಮಾಡುತ್ತಿದ್ದ ಒಬ್ಬರು ಮುದುಕರು ಕೂತಲ್ಲಿಂದಲೇ ಬೊಬ್ಬೆ ಹಾಕಿದರು: "ಅವಿಡೆ ಇರಂಙಲ್ಲೇ!" ಇಳಿಯಬೇಡಿ ಅಂತ. ಆಗ ನಮಗೆ ಸಿಟ್ಟು ಬಂದಿತ್ತು. ಆಮೇಲೆ ಅರ್ಥ ಆಯಿತು.

ಸಂಗತಿ ಏನೆಂದರೆ, ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ. ನೀರಿನಡಿಯ ಹೊಯ್ಗೆ ದಿಬ್ಬದಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿಂದ ಒಟ್ಟಾಗಿ ನುಗ್ಗುತ್ತದೆ. ಆ ಸಂದಿನಲ್ಲಿ ಆಳ ಜಾಸ್ತಿ, ಅದಕ್ಕೇ ಅಲೆ ಒಡೆಯುವುದಿಲ್ಲ, ನೀರು ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಇದಕ್ಕೆ ರಿಪ್ ಕರೆಂಟ್ ಅನ್ನುತ್ತಾರೆ. ಜೋರಾದಾಗ ಸೆಕೆಂಡಿಗೆ ಎರಡು ಮೀಟರ್ ವೇಗ, ಒಲಿಂಪಿಕ್ ಈಜುಗಾರನಿಗೂ ಎದುರು ಈಜಿ ಬರಲಿಕ್ಕೆ ಕಷ್ಟ. ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಎಳೆಯುತ್ತದೆ. ಸಾಯುವುದು ದಡದ ಕಡೆಗೇ ಈಜಿ ಈಜಿ ಸುಸ್ತಾಗಿ. ಸಿಕ್ಕಿಬಿದ್ದರೆ ಮಲಗಿ ತೇಲಬೇಕು, ಕೈ ಎತ್ತಿ ಕೂಗಬೇಕು, ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ತಪ್ಪಿಸಿಕೊಳ್ಳಬೇಕು. ಒಬ್ಬನನ್ನು ಹಿಡಿಯಲು ಇನ್ನೊಬ್ಬ ಹಾರಿ ಇಬ್ಬರೂ ಹೋಗುವುದೇ ಹೆಚ್ಚು. ಹಾರಬೇಡಿ. ಖಾಲಿ ಕ್ಯಾನ್, ಹಗ್ಗ, ಮರದ ತುಂಡು, ತೇಲುವ ಏನಾದರೂ ಎಸೆಯಿರಿ, 112ಕ್ಕೆ ಕರೆ ಮಾಡಿ. ಕೋಸ್ಟ್ ಗಾರ್ಡ್ ನಂಬರ್ 1554.

ಕಲ್ಲಿನ ತಡೆಗೋಡೆಯ ಪಕ್ಕದಲ್ಲಿ ಈ ಸೆಳೆತ ಇನ್ನೂ ಹೆಚ್ಚು. ಅಳಿವೆಯ ಹತ್ತಿರ ಬೇರೆಯೇ ತೊಂದರೆ. ಇಳಿತದ ಹೊತ್ತಿಗೆ ಇಡೀ ಹಿನ್ನೀರು ಅದೇ ಬಾಯಿಯಿಂದ ಕಡಲಿಗೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸಮಯ, ಅಂದರೆ ನಮ್ಮ ಹಿಜರಿ ತಿಂಗಳ ಮೊದಲ ದಿನಗಳು ಮತ್ತು 14, 15ರ ಆಸುಪಾಸು, ಉಬ್ಬರ ಇಳಿತ ಎರಡೂ ಜೋರು. ಹಾಗಾಗಿ ದ್ವೀಪದ ಎರಡು ತುದಿ, ಪುದುವೈಪ್ ಮತ್ತು ಮುನಂಬಂ, ನೋಡಲಿಕ್ಕೆ ಮಾತ್ರ ಅಂತ ನನ್ನ ಲೆಕ್ಕ. ಮುನಂಬಂನಲ್ಲಿ ಪೆರಿಯಾರ್‌ನ ಕವಲು ಕಡಲು ಸೇರುವುದು, ಮೀನುಗಾರಿಕಾ ಬಂದರಿನ ಬೋಟುಗಳು ಸಾಲಾಗಿ ಬರುವುದು ನೋಡುತ್ತಾ ಕೂರಬಹುದು. ಎದುರಿಗೆ ಅಳಿಕ್ಕೋಡ್, ಅದರಾಚೆ ಚೇರಮಾನ್ ಮಸೀದಿಯ ಕೊಡುಂಗಲ್ಲೂರು. ಇತಿಹಾಸದ ಆಸಕ್ತಿ ಇದ್ದವರು ಹತ್ತಿರದ ಪಳ್ಳಿಪ್ಪುರಂನಲ್ಲಿ ಪೋರ್ಚುಗೀಸರು 1503ರಲ್ಲಿ ಕಟ್ಟಿದ ಸಣ್ಣ ಕೋಟೆಯನ್ನೂ ನೋಡಲಿ.

ಮಕ್ಕಳು, ಉಮ್ಮ, ಅಜ್ಜಿ ಎಲ್ಲ ಜೊತೆಗಿದ್ದರೆ ಚೆರಾಯಿಗೇ ಹೋಗಿ. ರಶ್ ಅಂತ ಮೂಗು ಮುರಿಯಬೇಡಿ. ಮುಖ್ಯ ಜಾಗದಲ್ಲಿ ಲೈಫ್‌ಗಾರ್ಡ್ ಇರುತ್ತಾರೆ, ನಡೆಯಲಿಕ್ಕೆ ದಾರಿ ಉಂಟು, ಅಂಗಡಿ ಉಂಟು, ಬೇರೆ ಜನ ಇರುತ್ತಾರೆ. ನೀರಲ್ಲಿ ಕೈ ಎತ್ತಿದರೆ ಯಾರಾದರೂ ನೋಡುತ್ತಾರೆ ಎಂಬುದೇ ದೊಡ್ಡದು. ಬೀಚಿಗೆ ಹೋಗುವ ರಸ್ತೆಯ ಎರಡೂ ಬದಿ ಹಿನ್ನೀರು, ಅದು ಮುಗಿದ ಕೂಡಲೇ ಕಡಲು. ನಗರದಿಂದ ಒಂದು ಗಂಟೆಯ ಮೇಲೆ ಬೇಕು, ಚೆರಾಯಿ ಜಂಕ್ಷನ್‌ನಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕು.

ಚೆರಾಯಿಯ ದಕ್ಷಿಣಕ್ಕೆ ಕುಳುಪ್ಪಿಳ್ಳಿ. ನನಗೆ ಇಷ್ಟವಾದದ್ದು ಇದು, ಆದರೆ ಬೀಚಿಗಿಂತ ದಾರಿ! ಎರಡು ಬದಿ ಪೊಕ್ಕಾಳಿ ಗದ್ದೆ. ಮಳೆಗಾಲದಲ್ಲಿ ಉಪ್ಪು ತಡೆಯುವ ಭತ್ತ, ಕೊಯ್ಲು ಆದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ. ಗಾಳಿಮರಗಳ ನೆರಳಿದೆ, ಗದ್ದಲ ಕಡಿಮೆ. ಕೂತು ಮಾತಾಡಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಡ. ನೀರಾಟಕ್ಕೆ ಚೆರಾಯಿಗೆ ಹೋಗಿ ಬನ್ನಿ, ದೂರ ಇಲ್ಲ. ಕಡಲೇ ಬೇಡ ಅನ್ನುವವರಿಗೆ ಞಾರಕ್ಕಲ್‌ನಲ್ಲಿ ಮತ್ಸ್ಯಫೆಡ್‌ನ ಮೀನು ಫಾರಂ ಉಂಟು, ದೋಣಿ ಸವಾರಿ, ಊಟ ಎಲ್ಲ ಅಲ್ಲೇ.

ಎಡವನಕ್ಕಾಡ್ ಕಡೆ ಬೀಚ್ ಹುಡುಕಿ ಹೋಗುವವರಿಗೆ ಒಂದು ಮಾತು. 2004ರ ಸುನಾಮಿ ಜೀವ ತೆಗೆದ ಕರೆ ಅದು, ಕಡಲ್ಕೊರೆತ ಇನ್ನೂ ನಿಂತಿಲ್ಲ. ಉಪ್ಪಳದ ಮೂಸೋಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆಯವರ ಮನೆ ಬಾಗಿಲಿಗೆ ಕಡಲು ಬಂದು ನಿಂತ ಜಾಗದಲ್ಲಿ ಸೆಲ್ಫಿ ಹಿಡಿಯುವುದು ನನಗಂತೂ ಸರಿ ಕಾಣುವುದಿಲ್ಲ.

ಕಾಲ ನೋಡಿದರೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರಿಗಿಳಿಯುವ ಮಾತೇ ಬೇಡ. ಏಪ್ರಿಲ್, ಮೇ ರಜೆಯಲ್ಲಿ ಹೋಗುವವರು ಕಳ್ಳಕ್ಕಡಲ್ ಎಂಬ ಹೆಸರು ನೆನಪಿಡಿ. ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ದಿನಗಳ ನಂತರ ಕಳ್ಳನ ಹಾಗೆ ಬಂದು ದಡ ಹತ್ತುತ್ತದೆ. ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಮುಂಚೆಯೇ ಎಚ್ಚರಿಕೆ ಕೊಡುತ್ತದೆ, ಮಲಯಾಳಂ ಚಾನೆಲ್‌ಗಳಲ್ಲಿ ಬರುತ್ತದೆ. ಹೊರಡುವ ಬೆಳಿಗ್ಗೆ ಒಂದು ಸಲ ನೋಡಿಕೊಳ್ಳಿ.

ಮತ್ತೆ, ದ್ವೀಪದ ಉದ್ದಕ್ಕೂ ಮುಖ್ಯ ರಸ್ತೆ ಒಂದೇ. ಸಂಜೆ ಅದು ಜಾಮ್. ರಾತ್ರಿ ರೈಲು ಹಿಡಿಯಬೇಕಾದವರು ಮಗ್ರಿಬ್ ಬಾಂಗ್‌ಗೆ ಕಾಯದೆ ಚೆರಾಯಿ ಬಿಟ್ಟರೆ ಎರ್ನಾಕುಲಂ ನಾರ್ತ್‌ನಲ್ಲಿ ಒಂದು ಚಾಯ ಕುಡಿಯುವಷ್ಟು ಸಮಯ ಸಿಗುತ್ತದೆ.