ಸಿಲಿಂಡರ್ ಗಟ್ಟಿನೇ, ಪೈಪು-ವಾಷರ್ ನೋಡ್ಕೊಂಡ್ರಾ?

ಬೆಂಗಳೂರಿಂದ ಕೊಚ್ಚಿಯ ಇನ್ಫೋಪಾರ್ಕ್‌ಗೋ ತಿರುವನಂತಪುರದ ಟೆಕ್ನೋಪಾರ್ಕ್‌ಗೋ ಬಂದವರು ಗ್ಯಾಸ್ ಕನೆಕ್ಷನ್ ವರ್ಗಾಯಿಸ್ಕೊಂಡಿರ್ತೀರಿ. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಅಲ್ಲೇ ಏಜೆನ್ಸಿಗೆ ಒಪ್ಪಿಸಿ, ಇಲ್ಲಿ ಬೇರೆ ತಗೊಂಡಿರ್ತೀರಿ. ಆದ್ರೆ ಕಿತ್ತಳೆ ಬಣ್ಣದ ಗ್ಯಾಸ್ ಪೈಪು ಮಾತ್ರ ಒಲೆ ಜೊತೆನೇ ಲಾರಿ ಹತ್ತಿ ಬಂದಿರುತ್ತೆ. ಅದಕ್ಕೆ ವಯಸ್ಸೆಷ್ಟು ಅಂತ ಯಾರೂ ಕೇಳಿರಲ್ಲ.

14.2 ಕೆಜಿ ಸಿಲಿಂಡರ್‌ನ ಪರೀಕ್ಷೆ ಕಂಪನಿ ಜವಾಬ್ದಾರಿ. ಹಿಡಿಕೆಗೆ ಆಧಾರವಾಗಿರೋ ಪಟ್ಟಿಯ ಒಳಮೈಯಲ್ಲಿ ‘ಬಿ 28’ ಅಂತ ಬರೆದಿದ್ರೆ, 2028ರ ಏಪ್ರಿಲ್-ಜೂನ್ ಹೊತ್ತಿಗೆ ಅದರ ಮರುಪರೀಕ್ಷೆ ಆಗ್ಬೇಕು ಅಂತ ಅರ್ಥ. ಎ ಅಂದ್ರೆ ಜನವರಿ-ಮಾರ್ಚ್, ಸಿ ಜುಲೈ-ಸೆಪ್ಟೆಂಬರ್, ಡಿ ಅಕ್ಟೋಬರ್-ಡಿಸೆಂಬರ್. ಗಡುವು ದಾಟಿದ್ರೆ ವಾಪಸ್ ಕಳಿಸಿ. ಆದ್ರೆ ಪೈಪಿಗೆ ಇಂಥ ಕಾವಲುಗಾರ ಯಾರೂ ಇಲ್ಲ, ನಾವೇ ನೋಡ್ಬೇಕು.

ಒಳಗೆ ತಂತಿ ಹೆಣೆದ ಸುರಕ್ಷಾ ಪೈಪನ್ನು 5 ವರ್ಷಕ್ಕೆ ಬದಲಿಸ್ಬೇಕು. ವರ್ಷ ಪೈಪಿನ ಮೇಲೇ ಅಚ್ಚಾಗಿರುತ್ತೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಗಾಳಿ ಒಣ. ಇಲ್ಲಿ ತುಂಬ, ವೇಳಿ, ಫೋರ್ಟ್ ಕೊಚ್ಚಿ ಕಡೆ ಉಪ್ಪು ಗಾಳಿ, ಮೇಲೆ ಮಳೆಗಾಲದ ತೇವ. ರಬ್ಬರಿನಲ್ಲಿ ಸಣ್ಣ ಬಿರುಕು ಬಿಟ್ರೆ ಸಾಕು, ಒಳಗಿನ ತಂತಿಗೆ ತುಕ್ಕು. ಬಾಲ್ಕನಿಯಲ್ಲಿ ಗ್ರಿಲ್ ಇಟ್ಟವರ ಪೈಪಿಗೆ ಬಿಸಿಲಿನ ಕಾಟವೂ ಸೇರುತ್ತೆ. ಬಿರುಕು, ಉಬ್ಬು ಕಂಡ್ರೆ 5 ವರ್ಷಕ್ಕೆ ಕಾಯ್ಬೇಡಿ.

ಇನ್ನು ವಾಷರ್. ಸಿಲಿಂಡರ್‌ನ ವಾಲ್ವ್ ಒಳಗೊಂದು ಸಣ್ಣ ರಬ್ಬರ್ ಉಂಗುರ ಇರುತ್ತೆ, ಓ-ರಿಂಗ್. ರೆಗ್ಯುಲೇಟರ್ ಗ್ಯಾಸಿನ ಒತ್ತಡವನ್ನು ಸುಮಾರು 30 ಮಿಲಿಬಾರ್‌ಗೆ ಇಳಿಸುತ್ತೆ. ಈ ಉಂಗುರ ಇರೋದು ಅದಕ್ಕಿಂತ ಮುಂಚೆ. ಅಲ್ಲಿ ಸಿಲಿಂಡರ್‌ನ ಪೂರ್ತಿ ಒತ್ತಡ ಇರೋದ್ರಿಂದ ಸೋರಿದ್ರೆ ಜೋರಾಗಿ ಸೋರುತ್ತೆ. ಉಂಗುರ ಸಿಲಿಂಡರ್ ಜೊತೆಗೇ ಬಂದು ಜೊತೆಗೇ ಹೋಗುತ್ತೆ. ಅಂದ್ರೆ ಪ್ರತಿ ಸಲವೂ ನಿಮ್ಮನೆಗೆ ಬೇರೆ ಉಂಗುರ.

1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ್ದು ತುಂಬದಿಂದ. ರಾಕೆಟ್‌ನವರಿಗೆ ಈ ಉಂಗುರದ ಬೆಲೆ ಚೆನ್ನಾಗಿ ಗೊತ್ತು. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ದುರಂತದಲ್ಲಿ 7 ಜನ ಹೋದ್ರು. ಬೂಸ್ಟರ್ ಜೋಡಣೆಯ ಓ-ರಿಂಗ್ ಚಳಿಗೆ ಬಿರುಸಾಗಿ ಸಂದು ಮುಚ್ಚದೇ ಹೋದದ್ದೇ ಅದಕ್ಕೆ ಕಾರಣ.

ಹಾಗಾಗಿ ಸಿಲಿಂಡರ್ ಬಂದಾಗ ಡೆಲಿವರಿಯವರನ್ನು ನಿಲ್ಲಿಸಿ ಕೇಳಿ: “ಚೇಟ್ಟಾ, ಲೀಕ್ ಉಂಡೋನ್ನ್ ನೋಕ್ಕಾಮೋ?” ಅಷ್ಟು ಮಲಯಾಳಂ ಸಾಕು. ರೆಗ್ಯುಲೇಟರ್ ಹಾಕಿದ್ಮೇಲೆ ವಾಲ್ವ್ ಸುತ್ತ, ಪೈಪಿನ ಎರಡೂ ತುದಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ್ರೆ ಸೋರ್ತಿದೆ ಅಂತ. ಬೆಂಕಿಕಡ್ಡಿ ಗೀರಿ ಪರೀಕ್ಷೆ ಮಾಡೋ ಚಾಳಿ ಬಿಟ್ಬಿಡಿ.

ಅಮೆರಿಕದಿಂದ ಗ್ರಿಲ್ ತಂದವರಿಗೊಂದು ಮಾತು. ಅಲ್ಲಿನ ಟ್ಯಾಂಕ್‌ಗೆ ತಿರುಚಿ ಹಾಕೋ ಜೋಡಣೆ, ಒಳಗಿರೋದು ಪ್ರೊಪೇನ್. ನಮ್ಮದರಲ್ಲಿ ರೆಗ್ಯುಲೇಟರ್ ಒತ್ತಿ ಕೂರಿಸ್ಬೇಕು, ಒಳಗಿರೋದು ಪ್ರೊಪೇನ್-ಬ್ಯೂಟೇನ್ ಮಿಶ್ರಣ. ಸಿಕ್ಕಿದ ಅಡಾಪ್ಟರ್ ಹಾಕಿ ಹೊಂದಿಸ್ಬೇಡಿ. ಹೋಟೆಲ್ ಒಲೆಯ ಹೈ ಪ್ರೆಶರ್ ರೆಗ್ಯುಲೇಟರ್ ಅಂತೂ ಬೇಡವೇ ಬೇಡ.

ವಾಸನೆ ಬಂದ್ರೆ? ಸ್ವಿಚ್ ಹಾಕೋದೂ ಬೇಡ, ಆರಿಸೋದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮೇಲೆ ಹರಡುತ್ತೆ. ಅದಕ್ಕೇ ಕಿಟಕಿ ಜೊತೆ ಬಾಗಿಲೂ ತೆಗೀರಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಇವತ್ತು ಅಡುಗೆಮನೆಗೆ ಹೋದಾಗ ಪೈಪಿನ ಮೇಲಿನ ವರ್ಷ ಓದಿ. ಓದೋಕಾಗದಷ್ಟು ಮಾಸಿ ಹೋಗಿದ್ರೆ, ನಾಳೆನೇ ಹೊಸ ಪೈಪು ತನ್ನಿ. ಮತ್ತೆ ಸಿಗೋಣ.