‘ಚಾಲ್ಶೆ’ ಅಂದ ಚಾರ್ಜರ್ ನಡೆಯಲಿಲ್ಲ!

ಗುಜರಾತಿಗೆ ಬಂದು ಒಂಬತ್ತು ವರ್ಷವಾಯಿತು. ಊರು ದಾವಣಗೆರೆ, ಮನೆ ಅಹಮದಾಬಾದಿನ ಮಣಿನಗರ, ಕೆಲಸ ಕಾರ್ಖಾನೆಗಳ ಕೊಳಚೆ ನೀರು ಶುದ್ಧೀಕರಣ ಘಟಕದ ವಿನ್ಯಾಸ. ಇಲ್ಲಿ ನಾನು ಮೊದಲು ಕಲಿತ ಗುಜರಾತಿ ಪದ ‘ಚಾಲ್ಶೆ’. ನಮ್ಮ ‘ನಡೀತದೆ ಬಿಡ್ರಿ’ ಇದ್ದ ಹಾಗೆ. ಆ ಪದದ ಬೆಲೆ ಗೊತ್ತಾಗಿದ್ದು ಕಳೆದ ಮಳೆಗಾಲದಲ್ಲಿ.

ಒಂದು ಭಾನುವಾರ ರಾತ್ರಿ ಲ್ಯಾಪ್‌ಟಾಪ್‌ನ ಚಾರ್ಜರ್ ಸತ್ತಿತು. ಸೋಮವಾರ ವಡೋದರಾದಲ್ಲಿ ಅರ್ಧ ದಿನದ ಕೆಲಸ, ಮಂಗಳವಾರ ಸೂರತ್‌ನ ಬಟ್ಟೆಗೆ ಬಣ್ಣ ಹಾಕುವ ಗಿರಣಿಯೊಂದರಲ್ಲಿ ನಮ್ಮ ವಿನ್ಯಾಸದ ಪ್ರದರ್ಶನ. ನಮ್ಮದು ನಾಲ್ಕೇ ಜನರ ತಂಡ. ಆ ಕೆಲಸ ಸಿಕ್ಕರೆ ಆರು ತಿಂಗಳ ಸಂಬಳದ ಚಿಂತೆ ಇರುತ್ತಿರಲಿಲ್ಲ.

ವಡೋದರಾದಲ್ಲಿ ಇಳಿದವನೇ ಅಂಗಡಿಯೊಂದಕ್ಕೆ ನುಗ್ಗಿದೆ. ಹಳೆಯ ಚಾರ್ಜರ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅಂಗಡಿಯವನು ಒಂದೊಂದೇ ಪಿನ್ ತೂರಿಸಿ ನೋಡಿ, ಒಂದು ಸರಿಯಾಗಿ ಕೂತ ಕೂಡಲೇ ‘ಚಾಲ್ಶೆ, ಸಾಹೇಬ್’ ಅಂದ. ಏಳುನೂರು ರೂಪಾಯಿ. ಲ್ಯಾಪ್‌ಟಾಪ್ ಆನ್ ಆಯಿತು. ‘ಅಡಾಪ್ಟರ್ ಗುರುತಿಸಲಾಗಲಿಲ್ಲ’ ಎಂಬ ಸಂದೇಶ ಬಂತು. ಓಕೆ ಒತ್ತಿ ಮುಂದೆ ಹೋದೆ.

ಸೂರತ್‌ಗೆ ಹೋಗುವ ರೈಲಿನಲ್ಲಿ, ರಾತ್ರಿ ಚಾರ್ಜ್ ಮಾಡಿದರಾಯಿತು ಎಂದು ಬ್ಯಾಟರಿಯನ್ನೆಲ್ಲ ಖಾಲಿ ಮಾಡಿದೆ. ಲಾಡ್ಜಿನಲ್ಲಿ ರಾತ್ರಿಯಿಡೀ ಪ್ಲಗ್‌ಗೆ ಹಾಕಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ 3 ಪರ್ಸೆಂಟ್ ಇದ್ದದ್ದು 3 ಪರ್ಸೆಂಟೇ!

ಗಿರಣಿಯಲ್ಲಿ ನಕ್ಷೆಯ ಒಂದು ಪುಟ ತೆರೆಯಲು ನಿಮಿಷಗಳೇ ಹಿಡಿದವು. ನಡುವೆ ಕರೆಂಟ್ ಒಮ್ಮೆ ಕಣ್ಣು ಮಿಟುಕಿಸಿತು, ಪರದೆ ಕಪ್ಪಾಯಿತು. ಮತ್ತೆ ಶುರುವಾಗುವಷ್ಟರಲ್ಲಿ ಮಾಲೀಕರು ಇನ್ನೊಂದು ಮೀಟಿಂಗ್‌ಗೆ ಎದ್ದಿದ್ದರು. ಎರಡು ವಾರದ ನಂತರ ಆ ಕೆಲಸ ಬೇರೆಯವರ ಪಾಲಾಯಿತು. ಚಾರ್ಜರ್ ಒಂದೇ ಕಾರಣ ಎನ್ನಲಾರೆ. ಆದರೆ ತಂಡದ ಮೂವರಿಗೆ ಮುಖ ತೋರಿಸುವಾಗ ನನಗೆ ನೆನಪಾಗಿದ್ದು ಅದೊಂದೇ.

ಕೆಟ್ಟ ಮೇಲೆ ಬುದ್ಧಿ ಬಂತು. ಹಳೆಯ ಚಾರ್ಜರ್ ಹಿಡಿದು ಅಹಮದಾಬಾದಿನ ರಿಲೀಫ್ ರೋಡಿಗೆ ಹೋದೆ. ನಮ್ಮ ಬೆಂಗಳೂರಿನ ಎಸ್.ಪಿ. ರೋಡಿನ ಹಾಗೆ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ. ಅಲ್ಲಿನ ವಯಸ್ಸಾದ ರಿಪೇರಿಯವರೊಬ್ಬರು ಪಿನ್ ನೋಡುವ ಮೊದಲು ಅಡಿಯ ಚೀಟಿ ಓದಿದರು. ಅವರು ಕಲಿಸಿದ್ದು ಇಷ್ಟು:

ವೋಲ್ಟೇಜ್ ಹಳೆಯದರಲ್ಲಿ ಇದ್ದಷ್ಟೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು, ಕಡಿಮೆ ಇರಬಾರದು. ಲ್ಯಾಪ್‌ಟಾಪ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಎರಡನ್ನೂ ಗುಣಿಸಿದರೆ ವಾಟ್. ನನ್ನದು 19.5 ವೋಲ್ಟ್, 4.62 ಆಂಪಿಯರ್, ಅಂದರೆ 90 ವಾಟ್. ನಾನು ಕೊಂಡದ್ದು 3.34 ಆಂಪಿಯರ್, 65 ವಾಟ್.

ಇನ್ನೊಂದು ಗುಟ್ಟು ಪಿನ್ನಿನ ನಡುವಿನ ಸಣ್ಣ ಸೂಜಿಯಲ್ಲಿದೆ. ಕೆಲವು ಲ್ಯಾಪ್‌ಟಾಪ್‌ಗಳು ಅದರ ಮೂಲಕವೇ ‘ನೀನು ಎಷ್ಟು ವಾಟ್‌ನವನು?’ ಎಂದು ಚಾರ್ಜರನ್ನು ಕೇಳುತ್ತವೆ. ಉತ್ತರ ಬಾರದಿದ್ದರೆ ವೇಗ ತಗ್ಗಿಸಿಕೊಂಡು ಓಡುತ್ತವೆ, ಬ್ಯಾಟರಿ ತುಂಬುವುದಿಲ್ಲ. ಸೂರತ್‌ನಲ್ಲಿ ಆದದ್ದು ಅದೇ. ಜೊತೆಗೆ ಪ್ಲಸ್-ಮೈನಸ್ ಚಿತ್ರವೂ ಹಳೆಯದರಂತೆಯೇ ಇರಬೇಕು. ಒಳಗೆ ಯಾವುದು, ಹೊರಗೆ ಯಾವುದು ಎಂದು ಅದು ಹೇಳುತ್ತದೆ.

ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಅದು ಅಸಲಿಯೋ ಅಲ್ಲವೋ ಎಂದು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ನಿಂತಲ್ಲೇ ಪರೀಕ್ಷಿಸಬಹುದು.

ಟೈಪ್-ಸಿ ಲ್ಯಾಪ್‌ಟಾಪ್ ಇದ್ದವರಿಗೆ ತಲೆನೋವು ಕಡಿಮೆ. ಅಲ್ಲಿ ಚಾರ್ಜರ್ ಮತ್ತು ಲ್ಯಾಪ್‌ಟಾಪ್ ಮಾತಾಡಿಕೊಂಡು ವೋಲ್ಟೇಜ್ ನಿರ್ಧರಿಸುತ್ತವೆ. ಆದರೂ ‘ಪವರ್ ಡೆಲಿವರಿ’ ಎಂದು ಬರೆದಿರಬೇಕು, ವಾಟ್ ಸಾಕಷ್ಟಿರಬೇಕು. 60 ವಾಟ್ ದಾಟಿದರೆ 5 ಆಂಪಿಯರ್‌ನ ಕೇಬಲ್ಲೇ ಬೇಕು. ಮೊಬೈಲ್ ಜೊತೆ ಬಂದ ಯಾವುದೋ ಕೇಬಲ್ ಸಾಲದು.

ಊರು ಬಿಟ್ಟು ಊರು ತಿರುಗುವ ನಮ್ಮಂಥವರು ಮಾಡಬೇಕಾದ ಕೆಲಸ ಒಂದೇ ನಿಮಿಷದ್ದು. ಇವತ್ತೇ ನಿಮ್ಮ ಚಾರ್ಜರ್ ಅಡಿಯ ಚೀಟಿಯ ಫೋಟೊ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಆ ಫೋಟೊ ನನ್ನ ಬಳಿ ಇದ್ದಿದ್ದರೆ ವಡೋದರಾದಲ್ಲಿ ಏಳುನೂರು ರೂಪಾಯಿ ಕೊಡುತ್ತಿರಲಿಲ್ಲ.

ರಿಲೀಫ್ ರೋಡಿನ ಅಜ್ಜ ಹೊಸ ಚಾರ್ಜರ್ ಹಾಕಿ, ಬ್ಯಾಟರಿ ಏರುವುದನ್ನು ಹತ್ತು ನಿಮಿಷ ಕೂತು ನೋಡಿದರು. ಆಮೇಲಷ್ಟೇ ಅಂದರು, ‘ಹವೇ ಚಾಲ್ಶೆ’. ಈಗ ನಡೀತದೆ.